ಹನಿ ಬಿದ್ದಲ್ಲೇ ಸೋರಿಕೆ ಇರುವುದಿಲ್ಲ

ಕರಾವಳಿ, ಮಲೆನಾಡಿನ ಹೆಂಚಿನ ಮನೆಗಳಲ್ಲಿ ಮಳೆಗಾಲ ಕಳೆದವರಿಗೆ ಈ ಅನುಭವ ಹೊಸದಲ್ಲ. ನಡುಮನೆಯಲ್ಲಿ ನೀರು ತೊಟ್ಟಿಕ್ಕುತ್ತಿರುತ್ತದೆ, ತಲೆಯೆತ್ತಿ ನೋಡಿದರೆ ನೇರ ಮೇಲಿನ ಹೆಂಚು ನೆಟ್ಟಗಿರುತ್ತದೆ. ಒಡೆದ ಹೆಂಚು ಇನ್ನೆಲ್ಲೋ ಮೇಲೆ, ಮಾಡಿನ ತುದಿಯ ಹತ್ತಿರ. ಅಲ್ಲಿ ಒಳಬಂದ ನೀರು ರೀಪಿನ ಮೇಲೆ ಹರಿದು, ಪಕ್ಕಾಸಿನ ಗುಂಟ ಇಳಿದು, ಮರದ ಗಂಟು ತಡೆದ ಕಡೆ ಹನಿಯಾಗಿ ಕೆಳಗೆ ಬೀಳುತ್ತದೆ. ಅಲ್ಲಿ ಪಾತ್ರೆ ಇಟ್ಟರೆ ನೆಲ ಒದ್ದೆಯಾಗುವುದು ತಪ್ಪುತ್ತದೆ. ಮಾಡು ಸೋರುವುದು ತಪ್ಪುವುದಿಲ್ಲ. ಮನೆಯ ವಿಷಯದಲ್ಲಿ ಸಲೀಸಾಗಿ ಅರ್ಥವಾಗುವ ಈ ಮಾತು ಕಾರಿನ ವಿಷಯದಲ್ಲಿ ಮರೆತೇ ಹೋಗುತ್ತದೆ. ಬೆಳಿಗ್ಗೆ ಕಾರು ತೆಗೆದಾಗ ನೆಲದ ಮೇಲೊಂದು ಕಲೆ ಕಂಡರೆ ಒಂದೋ ನೀರು ಸುರಿದು ತೊಳೆದು ಸುಮ್ಮನಾಗುತ್ತೇವೆ, ಇಲ್ಲವೇ ಗ್ಯಾರೇಜಿಗೆ ಹೋಗಿ ‘ಆಯಿಲ್ ಸೋರ್ತಿದೆ, ಸೀಲ್ ಹಾಕಿಬಿಡಿ’ ಎನ್ನುತ್ತೇವೆ. ಸೋರುತ್ತಿರುವುದು ಏನು, ಎಲ್ಲಿಂದ, ಏಕೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವ ಮೊದಲೇ ಬೋಲ್ಟು ಬಿಚ್ಚಿಯಾಗಿರುತ್ತದೆ. ದುಡ್ಡು ದಂಡವಾಗುವುದು ಆ ಅವಸರದಿಂದ. ಪ್ರಾಣಕ್ಕೆ ಕುತ್ತು ಬರುವುದು ಕಲೆ ತೊಳೆದು ಸುಮ್ಮನಾಗುವ ಅಸಡ್ಡೆಯಿಂದ. ಸೋರಿಕೆಯ ರಿಪೇರಿಯಲ್ಲಿ ಮುಕ್ಕಾಲು ಪಾಲು ಕೆಲಸ ಮೂಲ ಹುಡುಕುವುದೇ ಎಂಬುದು ಈ ಲೇಖನದ ವಾದ. ಆ ಹುಡುಕಾಟದ ಮೊದಲ ಹೆಜ್ಜೆಯನ್ನು ಕಾರಿನ ಒಡೆಯರಷ್ಟು ಚೆನ್ನಾಗಿ ಬೇರೆ ಯಾರೂ ಇಡಲಾರರು.

ರಟ್ಟಿನ ಮೇಲಿನ ಸಾಕ್ಷಿ

ಇದಕ್ಕೆ ಬೇಕಾಗುವ ಸಲಕರಣೆ ಒಂದು ದೊಡ್ಡ ರಟ್ಟು, ತಿಳಿ ಬಣ್ಣದ್ದಾದರೆ ಒಳ್ಳೆಯದು. ರಾತ್ರಿ ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ರಟ್ಟನ್ನು ಎಂಜಿನ್ನಿನ ಅಡಿಗೆ ತಳ್ಳಿ, ಮುಂದಿನ ಎರಡು ಚಕ್ರಗಳು ಎಲ್ಲಿವೆ ಎಂದು ಪೆನ್ನಿನಲ್ಲಿ ಗುರುತು ಹಾಕಬೇಕು. ಬೆಳಿಗ್ಗೆ ಅದನ್ನು ಹೊರಗೆಳೆದರೆ ಒಂದು ನಕ್ಷೆಯೇ ಕೈಯಲ್ಲಿರುತ್ತದೆ. ಹನಿ ಎಡಕ್ಕೆ ಬಿದ್ದಿದೆಯೋ ಬಲಕ್ಕೋ, ಎಂಜಿನ್ನಿನ ಮುಂಭಾಗದಲ್ಲೋ ಗೇರ್‌ಬಾಕ್ಸ್ ಸೇರುವ ಕಡೆಯೋ, ಚಕ್ರದ ಒಳಮಗ್ಗುಲಲ್ಲೋ ಎಂಬುದು ಅದರಲ್ಲಿ ಕಾಣುತ್ತದೆ. ನಾಲ್ಕು ರಾತ್ರಿ ನಾಲ್ಕು ರಟ್ಟು ಇಟ್ಟು, ದಿನಾಂಕ ಬರೆದಿಟ್ಟರೆ ಸೋರಿಕೆ ಹೆಚ್ಚುತ್ತಿದೆಯೇ ಎಂಬುದೂ ತಿಳಿಯುತ್ತದೆ. ಇಷ್ಟಕ್ಕೆ ಕಾರಿನ ಕೆಳಗೆ ನುಗ್ಗುವ ಅಗತ್ಯವಿಲ್ಲ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗಂತೂ ಯಾರೂ ಎಂದೂ ತಲೆ ಹಾಕಬಾರದು. ಜಾಕ್ ಇರುವುದು ಕಾರನ್ನು ಎತ್ತಲಿಕ್ಕೆ, ಎತ್ತಿ ಹಿಡಿದಿಡಲಿಕ್ಕಲ್ಲ.

ರಟ್ಟಿನ ಮೇಲಿರುವುದು ಏನೆಂದು ತಿಳಿಯಲು ಕಣ್ಣು, ಬೆರಳು, ಮೂಗು ಸಾಕು. ನಾಲಿಗೆ ಖಂಡಿತ ಬೇಡ. ಬಣ್ಣ, ವಾಸನೆ, ಜಿಡ್ಡು ಯಾವುದೂ ಇಲ್ಲದಿದ್ದರೆ ಅದು ನೀರು. ಎ.ಸಿ. ಹಾಕಿ ಓಡಿಸಿದ ಮೇಲೆ ಮುಂದಿನ ಎಡ ಸೀಟಿನವರು ಕಾಲಿಡುವ ಜಾಗದ ಕೆಳಗೆ ಹೀಗೆ ನೀರು ಬೀಳುವುದು ಸಹಜ. ಕಾರಿನೊಳಗಿನ ಗಾಳಿಯ ತೇವ ತಣ್ಣನೆಯ ಕೊಳವೆಗಳ ಮೇಲೆ ಹನಿಗಟ್ಟಿ ಹೊರಬರುತ್ತಿದೆ, ಅಷ್ಟೆ. ಮಂಗಳೂರಿನ ಸೆಕೆಯಲ್ಲಿ ಅದು ಹೆಚ್ಚು, ಕಲಬುರಗಿಯ ಒಣ ಬಿಸಿಲಿನಲ್ಲಿ ಕಡಿಮೆ. ನಿಜಕ್ಕೂ ಯೋಚಿಸಬೇಕಾದದ್ದು ಸೆಕೆಯಲ್ಲೂ ಹೊರಗೆ ನೀರು ಬೀಳದೆ ಒಳಗಿನ ಮ್ಯಾಟ್ ಒದ್ದೆಯಾದಾಗ. ಆಗ ನೀರು ಹೊರಹೋಗುವ ಪೈಪು ಕಟ್ಟಿಕೊಂಡಿರುತ್ತದೆ. ಬೆಳಗಿನ ಹೊತ್ತು ಸೈಲೆನ್ಸರ್ ತುದಿಯಿಂದ ಉದುರುವ ನೀರಿಗೂ ಹೆದರಬೇಕಿಲ್ಲ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ; ಸೈಲೆನ್ಸರ್ ತಣ್ಣಗಿದ್ದಾಗ ಅದರಲ್ಲಿ ಒಂದಿಷ್ಟು ಹನಿಯಾಗಿ ಹೊರಬರುತ್ತದೆ.

ನೀರಲ್ಲದ್ದು ಏನೇ ಇದ್ದರೂ ಕಾರಣ ಬೇಕು. ಜೇನಿನ ಬಣ್ಣದಿಂದ ಕಡುಗಪ್ಪಿನವರೆಗೆ ಇರುವ, ಬೆರಳ ನಡುವೆ ಉಜ್ಜಿದರೆ ಜಾರುವ ದ್ರವ ಎಂಜಿನ್ ಆಯಿಲ್. ಇನ್ನೂ ಮಂದವಾಗಿದ್ದು, ಗಂಧಕದಂಥ ಕಟು ವಾಸನೆ ಬಂದರೆ ಗೇರ್ ಆಯಿಲ್. ಕೆಂಪಗೆ ತೆಳ್ಳಗಿದ್ದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಅಥವಾ ಹಳೆಯ ಮಾದರಿಯ ಪವರ್ ಸ್ಟೀರಿಂಗಿನ ಆಯಿಲ್ ಇರಬಹುದು. ಈಗಿನ ಬಹಳಷ್ಟು ಸಣ್ಣ ಕಾರುಗಳಲ್ಲಿ ಸ್ಟೀರಿಂಗಿಗೆ ವಿದ್ಯುತ್ ಮೋಟಾರ್ ಇರುವುದರಿಂದ ಆ ಸಾಧ್ಯತೆಯೇ ಇಲ್ಲ. ಹಸಿರು, ಗುಲಾಬಿ, ನೀಲಿ ಬಣ್ಣದಲ್ಲಿ ಸ್ವಲ್ಪ ಅಂಟಾಗಿ, ಸಿಹಿ ವಾಸನೆ ಸೂಸಿದರೆ ಕೂಲಂಟ್. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ರುಚಿಯೋ ಸಿಹಿ. ಬೀದಿನಾಯಿ, ಬೆಕ್ಕು, ಅಂಬೆಗಾಲಿಡುವ ಮಗು ಯಾರು ನೆಕ್ಕಿದರೂ ಅಪಾಯವಾದ್ದರಿಂದ ಕಲೆ ಕಂಡ ತಕ್ಷಣ ಮಣ್ಣು ಹಾಕಿ ಬಳಿದು ತೊಳೆಯಬೇಕು. ಚಕ್ರದ ಒಳಮಗ್ಗುಲಲ್ಲಿ ಅಥವಾ ಬ್ರೇಕ್ ಪೆಡಲಿನ ಬುಡದಲ್ಲಿ ತಿಳಿ ಹಳದಿ ದ್ರವ ಕಂಡು, ಅದು ತಾಗಿದ ಕಡೆ ಪೇಂಟ್ ಏಳುತ್ತಿದ್ದರೆ ಬ್ರೇಕ್ ಆಯಿಲ್. ಪೆಟ್ರೋಲ್ ಮಾತ್ರ ರಟ್ಟಿನ ಮೇಲೆ ಸಾಕ್ಷಿ ಉಳಿಸುವುದು ಅಪರೂಪ. ಅದು ಆವಿಯಾಗಿ ಹೋಗಿ ವಾಸನೆಯನ್ನಷ್ಟೇ ಬಿಟ್ಟಿರುತ್ತದೆ.

ಕಾಯಬಾರದ ಎರಡು ಸೋರಿಕೆ

ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಪೆಟ್ರೋಲ್ ಮತ್ತು ಬ್ರೇಕ್ ಆಯಿಲ್ ಎರಡಕ್ಕೂ ನಾಳೆ ಎಂಬ ಮಾತಿಲ್ಲ. ಪೆಟ್ರೋಲ್ ವಾಸನೆ ದಟ್ಟವಾಗಿ ಬಂದರೆ ಕಾರು ಸ್ಟಾರ್ಟ್ ಮಾಡಬಾರದು, ಹತ್ತಿರ ಬೆಂಕಿ ಸುಳಿಯಬಾರದು, ಮೆಕ್ಯಾನಿಕ್ ಕಾರಿದ್ದಲ್ಲಿಗೇ ಬರಬೇಕು. ಇಲಿ ಕಡಿದ ಪೈಪು ನಮ್ಮಲ್ಲಿ ಇದಕ್ಕೊಂದು ಸಾಮಾನ್ಯ ಕಾರಣ. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಈಗ ದೇಶದ ಬಂಕುಗಳಿಗೆಲ್ಲ ಬಂದಿರುವುದರಿಂದ, ಎಥನಾಲ್ ತಾಳುವಂತೆ ಮಾಡಿರದ ಹಳೆಯ ರಬ್ಬರ್ ಪೈಪುಗಳ ಮೇಲೂ ಕಣ್ಣಿಡಬೇಕು. ಡೀಸೆಲ್ ಅಷ್ಟು ಬೇಗ ಹೊತ್ತಿಕೊಳ್ಳದಿದ್ದರೂ ಅದರ ಅಪಾಯವೇ ಬೇರೆ. ಕಾಮನ್ ರೈಲ್ ಎಂಜಿನ್ನಿನ ಇಂಜೆಕ್ಟರ್ ಪೈಪಿನಲ್ಲಿ ಒತ್ತಡ 1,000 ಬಾರ್ ದಾಟುತ್ತದೆ. ಸಣ್ಣ ಬಿರುಕಿನಿಂದ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗಬಲ್ಲದು. ಎಂಜಿನ್ ಓಡುತ್ತಿರುವಾಗ ಅಲ್ಲಿ ಬೆರಳಿಟ್ಟು ಸೋರಿಕೆ ಹುಡುಕಬಾರದು.

ಬ್ರೇಕ್ ಆಯಿಲಿನ ಕತೆ ಇನ್ನೂ ಸೂಕ್ಷ್ಮ. ಕಾಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ಆ ದ್ರವವೇ. ಅದು ಸೋರಿ ಗಾಳಿ ಸೇರಿಕೊಂಡರೆ ಪೆಡಲ್ ಮೆತ್ತಗಾಗುತ್ತದೆ. ಒತ್ತಿ ಹಿಡಿದರೆ ನಿಧಾನವಾಗಿ ಕೆಳಗಿಳಿಯುತ್ತದೆ. ಈಗಿನ ಕಾರುಗಳ ಬ್ರೇಕಿನಲ್ಲಿ ಎರಡು ಬೇರೆ ಬೇರೆ ದಾರಿಗಳಿವೆ, ಒಂದು ಕೈಕೊಟ್ಟರೂ ಇನ್ನೊಂದು ಉಳಿಯುತ್ತದೆ ಎಂಬುದು ನಿಜ. ಆ ಉಳಿದ ಅರ್ಧ ಇರುವುದು ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಲಿಕ್ಕೆ, ಚಾರ್ಮಾಡಿ ಘಾಟಿ ಇಳಿಯಲಿಕ್ಕಲ್ಲ. ಬ್ರೇಕ್ ಆಯಿಲಿನ ಡಬ್ಬಿಯಲ್ಲಿ ಮಟ್ಟ ಕಡಿಮೆಯಾದ ಮಾತ್ರಕ್ಕೆ ಸೋರಿಕೆ ಎಂದೂ ತೀರ್ಮಾನಿಸಬಾರದು. ಪ್ಯಾಡ್ ಸವೆದಂತೆಲ್ಲ ಮಟ್ಟ ತುಸು ಇಳಿಯುತ್ತದೆ. ಪ್ಯಾಡ್ ದಪ್ಪವಿದ್ದೂ ಮಟ್ಟ ಇಳಿದರೆ, ಅಥವಾ ವಾರದೊಪ್ಪತ್ತಿನಲ್ಲೇ ಇಳಿದರೆ ಸೋರಿಕೆ ಖಚಿತ. ಕೈಗೆ ಸಿಕ್ಕ ಆಯಿಲ್ ಸುರಿದು ಮಟ್ಟ ಸರಿ ಮಾಡುವುದಂತೂ ಆತ್ಮಘಾತಕ. ಖನಿಜ ತೈಲ ಸೇರಿದರೆ ಬ್ರೇಕಿನ ರಬ್ಬರ್ ಸೀಲುಗಳು ಊದಿಕೊಂಡು ಇಡೀ ವ್ಯವಸ್ಥೆಯೇ ಕೆಡುತ್ತದೆ. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುವಂಥದ್ದು. ಡಾಟ್ 4 ದರ್ಜೆಯದಕ್ಕೆ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಕುದಿಬಿಂದು ಇರಬೇಕೆಂದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155. ಎಂದೋ ಮುಚ್ಚಳ ತೆರೆದಿಟ್ಟ ಅರ್ಧ ಡಬ್ಬಿ ಇದಕ್ಕೇ ಕೆಲಸಕ್ಕೆ ಬಾರದು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮೂಲ ಹುಡುಕದೆ ಬಿಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಎಂಜಿನ್ ಆಯಿಲಿನ ಒಂದು ಹನಿಯನ್ನು ಹತ್ತಿರದಿಂದ ನೋಡೋಣ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಸಂದಿನ ತಳದಲ್ಲಿ ಕಪ್ಪು ಹನಿಯೊಂದು ತೂಗುತ್ತಿದೆ. ಆ ಸಂದಿನ ಒಳಗೆ ಕ್ರ್ಯಾಂಕ್ ಶಾಫ್ಟಿನ ಹಿಂಬದಿಯ ಆಯಿಲ್ ಸೀಲ್ ಇದೆ. ಹನಿ ಅಲ್ಲೇ ಇರುವುದರಿಂದ ಆ ಸೀಲೇ ಹೋಗಿದೆ ಎನ್ನುವುದು ಸುಲಭದ ತೀರ್ಮಾನ. ಸೀಲಿನ ಬೆಲೆ ದೊಡ್ಡದಲ್ಲ, ಆದರೆ ಅದನ್ನು ಮುಟ್ಟಲು ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ ಬಿಚ್ಚಬೇಕು. ಹೆಚ್ಚಿನ ಹಣ ಹೋಗುವುದು ಆ ಕೂಲಿಗೆ. ಇಷ್ಟೆಲ್ಲ ಮಾಡಿ ಹೊಸ ಸೀಲ್ ಹಾಕಿದ ಮೇಲೂ ಹನಿ ಬಿದ್ದರೆ? ಎಂಜಿನ್ನಿನ ನೆತ್ತಿಯ ಮೇಲಿರುವ ಟ್ಯಾಪೆಟ್ ಕವರ್ ಎಂಬ ಮುಚ್ಚಳದ ರಬ್ಬರ್ ಪ್ಯಾಕಿಂಗ್ ವರ್ಷಗಟ್ಟಲೆ ಬೆಂದು ಪ್ಲಾಸ್ಟಿಕ್ಕಿನಂತೆ ಗಡುಸಾಗಿರುತ್ತದೆ. ಅದರ ಹಿಂದಿನ ಮೂಲೆಯಲ್ಲಿ ಜಿನುಗಿದ ಆಯಿಲ್ ಎಂಜಿನ್ನಿನ ಬೆನ್ನಗುಂಟ ಇಳಿದು, ಬೋಲ್ಟಿನಿಂದ ಬೋಲ್ಟಿಗೆ ದಾಟಿ, ಕಡೆಗೆ ಬಂದು ನಿಲ್ಲುವುದು ಅದೇ ಸಂದಿನಲ್ಲಿ. ಬಾನೆಟ್ ತೆರೆದು ಟಾರ್ಚ್ ಬಿಟ್ಟಿದ್ದರೆ ಮುಗಿಯುವ ಪತ್ತೆಗೆ ಗೇರ್‌ಬಾಕ್ಸ್ ನೆಲಕ್ಕಿಳಿದಿರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.

ಇದನ್ನು ತಪ್ಪಿಸುವ ವಿಧಾನ ಸರಳ, ಬೇಕಿರುವುದು ತಾಳ್ಮೆ. ಮೊದಲು ಎಂಜಿನ್ನಿನ ಹೊರಮೈಯ ಜಿಡ್ಡನ್ನೆಲ್ಲ ತೆಗೆದು ಒಣಗಿಸಬೇಕು, ಏಕೆಂದರೆ ಹಳೆಯ ಕೊಳೆಯಲ್ಲಿ ಹೊಸ ಸೋರಿಕೆ ಕಾಣುವುದಿಲ್ಲ. ಅನುಮಾನವಿರುವ ಕಡೆ ತೆಳ್ಳಗೆ ಟಾಲ್ಕಂ ಪೌಡರ್ ಉದುರಿಸಿ, ಹತ್ತಿಪ್ಪತ್ತು ನಿಮಿಷ ಎಂಜಿನ್ ಓಡಿಸಿ ನೋಡಿದರೆ ಬಿಳಿಯ ಮೇಲೆ ಒದ್ದೆಯ ಗೆರೆ ಮೂಡುತ್ತದೆ. ಅದಕ್ಕೂ ಸಿಗದಿದ್ದರೆ ಆಯಿಲಿಗೆ ವಿಶೇಷ ಬಣ್ಣ ಬೆರೆಸಿ, ನೇರಳಾತೀತ ದೀಪ ಹಿಡಿದು ಹೊಳೆಯುವ ಜಾಗವನ್ನು ಪತ್ತೆ ಹಚ್ಚುವ ಕ್ರಮ ಇದೆ. ಎಲ್ಲಕ್ಕೂ ನೆನಪಿಡಬೇಕಾದ ಸೂತ್ರ ಒಂದೇ. ದ್ರವ ಕೆಳಗಿಳಿಯುತ್ತದೆ, ಓಡುವಾಗಿನ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ; ಆದ್ದರಿಂದ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಇರುವುದನ್ನೇ ಮೊದಲು ಶಂಕಿಸಬೇಕು.

ಮೂಲ ಸಿಕ್ಕ ಮೇಲೂ ‘ಏಕೆ’ ಎಂಬ ಪ್ರಶ್ನೆ ಉಳಿದಿರುತ್ತದೆ. ಸೀಲ್ ಹಾಕಿದ ಕೆಲವೇ ತಿಂಗಳಲ್ಲಿ ಮತ್ತೆ ಸೋರಿತು ಎಂಬ ದೂರಿನ ಬೇರು ಹೆಚ್ಚಾಗಿ ಇಲ್ಲಿರುತ್ತದೆ. ಎಂಜಿನ್ ಓಡುವಾಗ ಪಿಸ್ಟನ್ ರಿಂಗ್ ದಾಟಿ ಒಂದಿಷ್ಟು ಅನಿಲ ಆಯಿಲ್ ಇರುವ ಕಡೆಗೆ ನುಗ್ಗುತ್ತದೆ. ಅದನ್ನು ಹೊರಗೆಳೆಯಲು ಬ್ರೀದರ್ ಎಂಬ ಉಸಿರುಗೊಳವೆ ಇರುತ್ತದೆ. ಅದು ಮಸಿಯಿಂದ ಕಟ್ಟಿಕೊಂಡರೆ ಒಳಗೆ ಒತ್ತಡ ಬೆಳೆದು, ಸಿಕ್ಕ ಸೀಲಿನ ಸಂದಿಯಿಂದ ಆಯಿಲನ್ನು ಹೊರದಬ್ಬುತ್ತದೆ. ಬ್ರೀದರ್ ಶುಚಿ ಮಾಡದೆ ಹಾಕಿದ ಹೊಸ ಸೀಲ್ ಎಷ್ಟು ದಿನ ತಾಳೀತು? ಕೆಲವು ಸೋರಿಕೆಗಳಿಗೆ ಹಿಂದಿನ ಸರ್ವಿಸ್ಸೇ ಕಾರಣ. ಹಳೆಯ ಆಯಿಲ್ ಫಿಲ್ಟರಿನ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡಿದ್ದು, ಅದರ ಮೇಲೆಯೇ ಹೊಸ ಫಿಲ್ಟರ್ ಕೂತಿರುತ್ತದೆ. ಡ್ರೈನ್ ಬೋಲ್ಟಿನ ವಾಷರ್ ಬದಲಿಸದೆ, ಸೋರದಿರಲೆಂದು ಬಲವಾಗಿ ಬಿಗಿದು, ಅಲ್ಯುಮಿನಿಯಂ ಚೇಂಬರಿನ ಮರೆಯೇ ಸವೆದಿರುತ್ತದೆ. ಪ್ಯಾಕಿಂಗ್ ಬದಲಿಗೆ ಧಾರಾಳವಾಗಿ ಬಳಿದ ಸಿಲಿಕಾನ್ ಅಂಟು ಒಳಗೆ ಕಿತ್ತುಬಂದು ಆಯಿಲ್ ಪಂಪಿನ ಜಾಲರಿಗೆ ಅಡ್ಡ ಬರುತ್ತದೆ. ಊರ ಹಂಪುಗಳೂ ತಮ್ಮ ಪಾಲು ಸಲ್ಲಿಸುತ್ತವೆ. ಎಂಜಿನ್ನಿನ ತಳದ ಆಯಿಲ್ ಚೇಂಬರ್ ಎತ್ತರದ ಹಂಪಿಗೆ ತಾಗಿದರೆ ಅಂದು ಸೋರದೆ ವಾರ ಬಿಟ್ಟು ಸೋರಬಹುದು.

ಒಣ ನೆಲ, ಖಾಲಿ ಡಬ್ಬಿ

ಕೂಲಂಟ್ ಎಷ್ಟೋ ಸಲ ನೆಲದ ಮೇಲೆ ಸುಳಿವನ್ನೇ ಕೊಡುವುದಿಲ್ಲ. ಡಬ್ಬಿಯಲ್ಲಿ ಮಟ್ಟ ಇಳಿಯುತ್ತಿರುತ್ತದೆ, ರಟ್ಟು ಒಣಗಿರುತ್ತದೆ. ಕಾರಣ ಒತ್ತಡ. ಹೆಚ್ಚಿನ ಕಾರುಗಳಲ್ಲಿ ರೇಡಿಯೇಟರ್ ಮುಚ್ಚಳ ಸುಮಾರು 1 ಬಾರ್ ಒತ್ತಡವನ್ನು ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಬರೀ ನೀರೂ 120 ಡಿಗ್ರಿಯ ಆಸುಪಾಸಿನವರೆಗೆ ಕುದಿಯದೆ ಇರುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳ ತೆರೆದಾಗ ಮುಖಕ್ಕೆ ರಾಚುವುದು, ಒತ್ತಡ ಕಳೆದುಕೊಂಡು ಒಮ್ಮೆಲೇ ಕುದ್ದ ಅದೇ ದ್ರವ. ಎಂಜಿನ್ ಕೈ ಮುಟ್ಟುವಷ್ಟು ಆರುವವರೆಗೆ ಅದನ್ನು ತೆರೆಯಲೇಬಾರದು. ಬಿಸಿಯಾಗಿದ್ದಾಗ ಮಾತ್ರ ಬಾಯಿ ಬಿಡುವ ಬಿರುಕು ತಣ್ಣಗಾದಾಗ ಮುಚ್ಚಿಕೊಳ್ಳುತ್ತದೆ, ಹೊರಬಂದದ್ದು ಎಂಜಿನ್ ಬಿಸಿಗೇ ಆರುತ್ತದೆ. ಉಳಿಯುವುದು ಹೋಸ್ ಪೈಪಿನ ಕ್ಲಿಪ್ ಬಳಿ, ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿಯ ಅಂಚಿನಲ್ಲಿ ಕಾಣುವ ಬಿಳಿ ಅಥವಾ ಗುಲಾಬಿ ಹಕ್ಕಳೆ. ತಣ್ಣನೆಯ ಎಂಜಿನ್ನಿಗೆ ಕೈಪಂಪಿನಿಂದ ಒತ್ತಡ ಕೊಟ್ಟು ನೋಡುವ ಪರೀಕ್ಷೆ ಬಂದಿರುವುದು ಇದಕ್ಕಾಗಿಯೇ. ಅದಕ್ಕೂ ಹೊರಗೇನೂ ಕಾಣದೆ ಸೈಲೆನ್ಸರಿನಲ್ಲಿ ಬಿಡದೆ ಬಿಳಿ ಹೊಗೆ, ಡಬ್ಬಿಯಲ್ಲಿ ಗುಳ್ಳೆ, ಆಯಿಲಿನಲ್ಲಿ ಹಾಲು ಬೆರೆತಂಥ ಬಣ್ಣ ಕಂಡರೆ ಹೆಡ್ ಗ್ಯಾಸ್ಕೆಟ್ ಒಳಗೇ ಬಿಟ್ಟುಕೊಂಡಿರುವ ಸಂಭವ ಹೆಚ್ಚು.

ವಾಟರ್ ಪಂಪಿನ ಮೈಯಲ್ಲಿ ಸೋರಲೆಂದೇ ಕೊರೆದ ಸಣ್ಣ ತೂತೊಂದಿರುತ್ತದೆ. ಒಳಗಿನ ಸೀಲ್ ಸವೆದಾಗ ಕೂಲಂಟ್ ಬೇರಿಂಗಿಗೆ ನುಗ್ಗದೆ ಹೊರಗೆ ಬರಲಿ ಎಂಬುದು ಅದರ ಉದ್ದೇಶ. ಅಲ್ಲಿಂದ ಇಳಿದ ಗೆರೆ ಕಂಡರೆ ಪಂಪಿನ ಆಯಸ್ಸು ಮುಗಿಯುತ್ತ ಬಂದಿದೆ ಎಂದು ಅರ್ಥ. ತೂತಿಗೆ ಅಂಟು ಮೆತ್ತಿದರೆ ಸೋರಿಕೆ ನಿಂತಂತೆ ಕಾಣುತ್ತದೆ, ಬೇರಿಂಗ್ ಹಾಳಾಗುತ್ತದೆ. ಸೋರಿಕೆಯೇ ಎಚ್ಚರಿಕೆಯ ಮಾತಾಗಿರುವಾಗ ಅದರ ಬಾಯಿ ಮುಚ್ಚಿಸುವುದು ರಿಪೇರಿ ಆಗಲಾರದು.

ಎದುರು ಮಾತುಗಳು

ಹಳೆಯ ಕಾರು ಎಂದಮೇಲೆ ಸ್ವಲ್ಪ ಸೋರುವುದು ಇದ್ದದ್ದೇ, ತಿಂಗಳಿಗೊಮ್ಮೆ ಆಯಿಲ್ ಹಾಕಿಕೊಂಡರಾಯಿತು ಎನ್ನುವವರಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಪ್ಯಾಕಿಂಗಿನ ಅಂಚು ಬೆವೆತಂತೆ ಒದ್ದೆಯಾಗಿದ್ದು, ಹನಿ ಕಟ್ಟದೆ, ಆಯಿಲ್ ಅಳೆಯುವ ಕಡ್ಡಿಯಲ್ಲಿ ಮಟ್ಟ ಇಳಿಯದೆ ಇದ್ದರೆ ಎಂಜಿನ್ ಬಿಚ್ಚುವ ತುರ್ತಿಲ್ಲ. ಜಿನುಗುವುದು ಬೇರೆ, ಸೋರುವುದು ಬೇರೆ. ಹನಿ ಬೀಳತೊಡಗಿದ ಮೇಲೆ ಲೆಕ್ಕ ಬದಲಾಗುತ್ತದೆ. 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ, ನಿಮಿಷಕ್ಕೊಂದು ಹನಿ ಬಿಡದೆ ಬಿದ್ದಾಗ ದಿನಕ್ಕೆ 72 ಮಿಲಿಲೀಟರ್, ತಿಂಗಳಿಗೆ ಎರಡು ಲೀಟರಿಗೂ ಹೆಚ್ಚು. ಸಣ್ಣ ಪೆಟ್ರೋಲ್ ಕಾರಿನ ಎಂಜಿನ್ನಿನಲ್ಲಿ ಇರುವುದೇ ಸಾಮಾನ್ಯವಾಗಿ ಮೂರರಿಂದ ನಾಲ್ಕು ಲೀಟರ್. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಕಳೆಯುವ ಲೆಕ್ಕಕ್ಕೂ ಸಲ್ಲುತ್ತದೆ. ನಷ್ಟ ಆಯಿಲಿನದ್ದಷ್ಟೇ ಅಲ್ಲ. ಅದು ಬಿದ್ದ ರಬ್ಬರ್ ಹೋಸ್, ಬೆಲ್ಟ್, ಎಂಜಿನ್ ಮೌಂಟಿಂಗ್ ಎಲ್ಲ ಮೆತ್ತಗಾಗಿ ಕೆಡುತ್ತವೆ. ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಹೊಗೆಯಾಡಿ ಬೆಂಕಿಗೂ ದಾರಿಯಾದೀತು.

ಅಂಗಡಿಯಲ್ಲಿ ಸಿಗುವ, ಸೋರಿಕೆ ನಿಲ್ಲಿಸುತ್ತೇನೆಂಬ ಬಾಟಲಿ ಸಾಲದೇ ಎಂಬುದು ಇನ್ನೊಂದು ಪ್ರಶ್ನೆ. ಊರಿಲ್ಲದ ದಾರಿಯಲ್ಲಿ ರೇಡಿಯೇಟರ್ ಸೋರಿದಾಗ ಹತ್ತಿರದ ಪಟ್ಟಣ ಮುಟ್ಟಲು ಅದು ನೆರವಾದೀತು. ಗಡುಸಾದ ಸೀಲನ್ನು ತುಸು ಮೆದುಗೊಳಿಸುವ ಆಯಿಲ್ ಮಿಶ್ರಣಗಳೂ ಕೆಲ ಕಾಲ ಕೆಲಸ ಮಾಡಬಹುದು. ಆದರೆ ಹರಿದ ಸೀಲನ್ನು ಯಾವ ದ್ರವವೂ ಹೊಲಿಯದು. ರೇಡಿಯೇಟರಿನ ಬಿರುಕು ಮುಚ್ಚುವ ಕಣಗಳಿಗೆ ಬಿರುಕು ಯಾವುದು, ಸಣ್ಣ ಕೊಳವೆ ಯಾವುದು ಎಂಬ ಭೇದ ತಿಳಿಯದು, ಎರಡನ್ನೂ ಮುಚ್ಚುತ್ತವೆ. ಇದರ ಜೊತೆಗೇ ಬರುವ ಮಾತು, ನಮ್ಮಲ್ಲಿ ಹಿಮ ಬೀಳುವುದಿಲ್ಲವಲ್ಲ, ಕೂಲಂಟ್ ಏಕೆ, ನೀರು ಸಾಲದೇ ಎಂಬುದು. ಕೂಲಂಟ್ ನೀರು ಹೆಪ್ಪುಗಟ್ಟದಂತೆ ತಡೆಯುವುದಷ್ಟೇ ಅಲ್ಲ, ಕುದಿಬಿಂದು ಏರಿಸುತ್ತದೆ, ಒಳಗಿನ ಲೋಹ ತುಕ್ಕು ಹಿಡಿಯದಂತೆ ಕಾಯುತ್ತದೆ. ಬಯಲುಸೀಮೆಯ ಬೋರ್‌ವೆಲ್ಲಿನ ಗಡಸು ನೀರು ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುವುದನ್ನು ಎಲ್ಲರೂ ಕಂಡಿದ್ದೇವೆ. ರೇಡಿಯೇಟರಿನ ಸಪೂರ ನಾಳಗಳಿಗೂ ಅದೇ ಪೊರೆ ಕಟ್ಟುತ್ತದೆ.

ಏನಾದರೂ ಕೆಟ್ಟರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದಲ್ಲ ಎಂಬ ನಂಬಿಕೆ ಎಲ್ಲಕ್ಕಿಂತ ಅಪಾಯದ್ದು. ಹೆಚ್ಚಿನ ಕಾರುಗಳಲ್ಲಿ ಆಯಿಲ್ ದೀಪ ತೋರಿಸುವುದು ಒತ್ತಡವನ್ನು, ಪ್ರಮಾಣವನ್ನಲ್ಲ. ಅದು ಹತ್ತುವ ಹೊತ್ತಿಗೆ ಬೇರಿಂಗುಗಳು ಆಯಿಲಿಲ್ಲದೆ ಉಜ್ಜತೊಡಗಿರಬಹುದು. ಆ ಕ್ಷಣ ಎಂಜಿನ್ ನಿಲ್ಲಿಸುವುದೊಂದೇ ಸರಿ. ಕೂಲಂಟ್ ಪೂರ್ತಿ ಖಾಲಿಯಾದಾಗ ಬಿಸಿ ಅಳೆಯುವ ಸೆನ್ಸರ್ ದ್ರವದಲ್ಲಿ ಮುಳುಗಿರದೆ ತಪ್ಪು ಲೆಕ್ಕ ಕೊಡುವುದೂ ಉಂಟು. ದೀಪ ಕಡೆಯ ಎಚ್ಚರಿಕೆ, ನೆಲದ ಹನಿ ಮೊದಲನೆಯದು.

ಇದೆಲ್ಲ ಮೆಕ್ಯಾನಿಕ್ ಕೆಲಸ, ನಮಗೇಕೆ ಎಂಬ ಮಾತು ಕಡೆಯದು. ಬಿಚ್ಚಿ ಜೋಡಿಸುವುದು ಅವರದೇ ಕೆಲಸ, ಅನುಮಾನವಿಲ್ಲ. ಆದರೆ ಮೆಕ್ಯಾನಿಕ್ ಎದುರಿಗೆ ಬರುವ ಕಾರು ಓಡಿ ಬಂದದ್ದು; ಹನಿ ಗಾಳಿಗೆ ಚೆದುರಿ, ಧೂಳಿಗೆ ಅಂಟಿ, ಎಷ್ಟೋ ಸಲ ಸರ್ವಿಸ್ಸಿಗೆ ಮೊದಲೇ ಪ್ರೆಷರ್ ನೀರಿನಲ್ಲಿ ಕೊಚ್ಚಿಹೋಗಿರುತ್ತದೆ. ರಾತ್ರಿಯಿಡೀ ನಿಂತ ಕಾರಿನ ಅಡಿಯ ಸಾಕ್ಷಿ ಮನೆಯವರಿಗೆ ಮಾತ್ರ ಸಿಗುವಂಥದ್ದು. ವೈದ್ಯರ ಬಳಿ ಎಂದಿನಿಂದ ನೋವು, ಎಲ್ಲಿ, ಯಾವ ಹೊತ್ತಿಗೆ ಎಂದು ಹೇಳುವುದು ರೋಗಿಯ ಹೊಣೆಯಲ್ಲವೇ? ದಿನಾಂಕ ಬರೆದ ಆ ರಟ್ಟುಗಳನ್ನು ಮುಂದಿಟ್ಟು, ‘ಸೋರುವ ಜಾಗ ಮೊದಲು ತೋರಿಸಿ, ಆಮೇಲೆ ಬಿಚ್ಚಿ’ ಎಂದು ಕೇಳುವುದರಲ್ಲಿ ಅಪನಂಬಿಕೆ ಏನೂ ಇಲ್ಲ. ಒಳ್ಳೆಯ ಕೆಲಸಗಾರರಿಗೆ ಅದರಿಂದ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ಹೀಗೆ ಕೇಳಬೇಕಾದದ್ದು ನಮ್ಮ ಕಿಸೆಯ ಸಲುವಾಗಿ ಮಾತ್ರವೂ ಅಲ್ಲ. ವಾಹನಗಳಿಂದ ಸೋರಿದ ಆಯಿಲ್ ಬೇಸಗೆಯುದ್ದಕ್ಕೂ ಡಾಂಬರಿನ ಮೇಲೆ ಕೂತಿದ್ದು, ಮೊದಲ ಮಳೆಗೆ ನೀರಿನ ಮೇಲೆ ತೇಲಿ ರಸ್ತೆಯನ್ನು ಜಾರುಬಂಡೆ ಮಾಡುತ್ತದೆ. ಅಂದು ಬೀಳುವುದು ಸೋರಿದ ಕಾರಿನವರಲ್ಲ, ಹಿಂದೆ ಬರುವ ಬೈಕಿನವರು. ಮಳೆ ಜೋರಾದಾಗ ಅದೇ ಆಯಿಲ್ ಚರಂಡಿ ಹಿಡಿದು ಕೆರೆ ಸೇರುತ್ತದೆ. ಬಳಸಿದ ಎಂಜಿನ್ ಆಯಿಲನ್ನು 2016ರ ಕೇಂದ್ರ ನಿಯಮಗಳು ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿ ಇಟ್ಟಿವೆ. ಡಬ್ಬಿಗಟ್ಟಲೆ ಚರಂಡಿಗೆ ಸುರಿಯುವುದು ತಪ್ಪು ಎಂದು ಒಪ್ಪುವ ನಾವು, ತಿಂಗಳಿಡೀ ಹನಿಹನಿಯಾಗಿ ಸುರಿಯುವುದನ್ನು ಸಹಜವೆಂದು ಬಗೆಯುವುದು ಸರಿಯಾಗದು.

ಹಾಗಾದರೆ ರಿಪೇರಿ ಮುಗಿಯಿತೆಂದು ಹೇಳುವುದು ಯಾವಾಗ? ಹೊಸ ಪ್ಯಾಕಿಂಗ್ ಕೂತ ಮೇಲೆ ಎಂಜಿನ್ನಿನ ಹೊರಮೈ ಒರೆಸಿ ಶುಚಿ ಮಾಡಿಸಿ, ನೂರು ಕಿಲೋಮೀಟರಿನಷ್ಟು ಓಡಿಸಿ, ಅದೇ ಜಾಗದಲ್ಲಿ ನಿಲ್ಲಿಸಿ, ಅಡಿಗೆ ಮತ್ತೊಂದು ರಟ್ಟು ತಳ್ಳಬೇಕು. ಬೆಳಿಗ್ಗೆ ಅದು ತಳ್ಳಿದ ಹಾಗೆಯೇ ಒಣಗಿದ್ದರೆ, ಕಡ್ಡಿಯಲ್ಲಿ ಆಯಿಲಿನ ಮಟ್ಟ ನಿನ್ನೆಯ ಗುರುತಿನಲ್ಲೇ ಇದ್ದರೆ, ಕೆಲಸ ಆಗಿದೆ. ಅಂಗೈಯಗಲದ ಕಲೆ ಇದ್ದರೆ ಮತ್ತೆ ಮೇಲಕ್ಕೆ, ಮುಂದಕ್ಕೆ ನೋಡಬೇಕು. ಒಡೆದ ಹೆಂಚು ಇನ್ನೂ ಅಲ್ಲೆಲ್ಲೋ ಇದೆ.